ದನಿಯ ಗಡಿಗೆ

ಅಲೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಮರಳೂರು ಎಂಬ ರಾಜ್ಯವಿತ್ತು. ಅಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುವ ಬೀರನೆಂಬ ತರುಣನಿದ್ದ. ಒಂದು ದಿನ ಅಲ್ಲಿಗೆ ಪುಸ್ತಕದ ಹಡಗು ಬಂತು. ದೇಶದೇಶಕ್ಕೆ ಹೋಗುವುದು, ಪುಸ್ತಕ ಹಂಚುವುದು, ಕತೆ ಓದಿ ಹೇಳುವುದು, ಅದರ ಕೆಲಸ ಇಷ್ಟೇ. ದುಡಿಯುವವರು ಹತ್ತೂರಿನವರು. ಯಾರಿಗೂ ಸಂಬಳವಿಲ್ಲ. ಊಟಕ್ಕೆ ಗಂಜಿ, ಮಲಗಲು ಪುಸ್ತಕದ ಮೂಟೆ.

“ನಾನೂ ಬರ್ತೀನಿ,” ಅಂದ ಬೀರ.

“ಊರಿಗೆ ಉಪಕಾರಿ, ಮನೆಗೆ ಮಾರಿ!” ಎಂದು ಅವನ ತಾಯಿ ಬೈದಳು. ಬೈಯುತ್ತಲೇ ಬುತ್ತಿ ಕಟ್ಟಿದಳು.

ಹಡಗು ನಡೆಸುವ ಮುದುಕಿ ಗಿರಿಯಮ್ಮ ಅವನಿಗೆ ಕತೆ ಹೇಳುವ ಕೆಲಸ ಕೊಟ್ಟಳು. ಹೋದಲ್ಲೆಲ್ಲ ಬೀರ ಓದುವನು, ಜನ ಹೂಂಗುಟ್ಟುವರು. ಹೂಂಗುಟ್ಟುವವರಿಲ್ಲದೆ ಕತೆ ಮುಂದೆ ಹೋಗಬಾರದು, ಅದು ಆ ಕಡಲಿನ ನೇಮ. ಆ ಹೂಂ ಕೇಳಿ ಕೇಳಿ ಬೀರನಿಗೆ ಸಣ್ಣಗೆ ಜಂಬದ ಕೊಂಬು ಮೂಡಿತ್ತು.

ಹೀಗಿರಲಾಗಿ ಹಡಗು ಒಂದು ದ್ವೀಪ ಮುಟ್ಟಿತು. ಅಲ್ಲಿ ನಾಯಿ ಬೊಗಳುತ್ತಿದ್ದವು, ಜನ ಮಾತ್ರ ಮಾತಾಡುತ್ತಿರಲಿಲ್ಲ. ಬಾಯಿಬೀಗನೆಂಬ ಮಾಂತ್ರಿಕ ಅವರೆಲ್ಲರ ದನಿಯನ್ನು ಗಡಿಗೆಯಲ್ಲಿ ತುಂಬಿ, ಬಟ್ಟೆ ಬಿಗಿದು, ಅಪ್ಪಿಕೊಂಡು ಕೂತಿದ್ದ. ಪಕ್ಕದಲ್ಲಿ ಎತ್ತಿನ ಗಾತ್ರದ ಏಡಿ ಕಾವಲಿತ್ತು.

“ಕತೆಗಾರನೋ? ಒಬ್ಬನೇ ಇಳಿ,” ಎಂದ ಬಾಯಿಬೀಗ. “ಈ ದಡದಲ್ಲಿ ಒಂದೇ ಒಂದು ಕತೆ ಹೂಂಗುಟ್ಟಿಸಿಕೊಂಡು ಮುಗಿದರೆ ಗಡಿಗೆ ತಾನಾಗಿ ಒಡೆಯುತ್ತದೆ. ಮೂರು ಸಲ ನೋಡು. ಆಗಲಿಲ್ಲವೋ, ಹಡಗೂ ಕಲ್ಲು, ಅದರಲ್ಲಿರುವವರೂ ಕಲ್ಲು.”

ಗಿರಿಯಮ್ಮನನ್ನು ಒಂದು ಮಾತು ಕೇಳದೆ ಬೀರ ಒಪ್ಪಿಕೊಂಡುಬಿಟ್ಟ.

ಮೊದಲು ಯುದ್ಧದ ಕತೆ ಓದಿದ. ಜನ ಕಣ್ಣರಳಿಸಿ ಕೇಳಿದರು, ಆದರೆ ದನಿಯಿಲ್ಲದವರು ಹೂಂ ಅನ್ನುವುದು ಹೇಗೆ? ಬಲೆ ಹೆಣೆಯುವ ಮುದುಕಿಯೊಬ್ಬಳು ಬಂದು ಅವನ ಕೈ ಎಳೆದಳು. ಬೀರ ಆ ಕೈಗೊಂದು ಪುಸ್ತಕ ತುರುಕಿದ. ಹಡಗಿನ ತಳ ಕಲ್ಲಾಯಿತು.

ಎರಡನೆಯ ಸಲ ನಗೆಯ ಕತೆ ಓದಿದ. ಜನರ ಹೊಟ್ಟೆಗಳು ಕುಣಿದವು, ಸದ್ದು ಬರಲಿಲ್ಲ. ಮುದುಕಿ ಮತ್ತೆ ಕೈ ಎಳೆದಳು. ಬೀರ ಮತ್ತೊಂದು ಪುಸ್ತಕ ತುರುಕಿದ. ಕಲ್ಲು ಮೇಲೇರಿತು. ಗಿರಿಯಮ್ಮ ಕುತ್ತಿಗೆಯವರೆಗೆ ಕಲ್ಲಾದಳು.

ಮೂರನೆಯ ಸಲ ಯಾವ ಪುಸ್ತಕ ತೆಗೆಯುವುದೆಂದೇ ಬೀರನಿಗೆ ತೋಚಲಿಲ್ಲ. ತನ್ನ ಜಂಬಕ್ಕೆ ಹಡಗಿನವರೆಲ್ಲ ಸಾಯುತ್ತಾರಲ್ಲ ಎಂದು ಗೊಳೋ ಎಂದು ಅತ್ತ.

“ಎಷ್ಟು ಹೊತ್ತು ನೀನೇ ಹೇಳ್ತೀಯೋ ಮಗಾ?” ಗಿರಿಯಮ್ಮ ಕೂಗಿದಳು. “ಆ ಯಮ್ಮ ಆಗಲಿಂದ ಕೈ ಎಳೀತಾ ಇದಾಳೆ. ತೆಪ್ಪಗೆ ಕೂತ್ಕೋ!”

ಬೀರ ಕೂತ. ಬಲೆಯ ಮುದುಕಿ ಎದುರು ಕೂತು ಕೈಸನ್ನೆಯಲ್ಲೇ ಕತೆ ಶುರುಮಾಡಿದಳು. ಇಬ್ಬರು ಹೆಂಗಸರು ಬಾವಿಕಟ್ಟೆಯಲ್ಲಿ ಜುಟ್ಟು ಹಿಡಿದು ಜಗಳವಾಡಿದರು.

“ಹೂಂ,” ಅಂದ ಬೀರ. ಗಡಿಗೆ ಬಿರುಕು ಬಿಟ್ಟಿತು.

ಜಗಳ ಊರೆಲ್ಲ ಹಬ್ಬಿತು.

“ಹೂಂ.”

ಒಬ್ಬ ಗಡಿಗೆ ಹಿಡಿದು ಬಂದ. ದನಿ ನನಗೆ ಕೊಡಿ, ಜಗಳ ನಿಲ್ಲುತ್ತದೆ ಎಂದ. ಎಲ್ಲರೂ ಕೊಟ್ಟರು.

“ಹೂಂ.”

ಮುದುಕಿ ತೋಳಿನಲ್ಲಿ ಇಲ್ಲದ ಕೂಸನ್ನು ತೂಗಿದಳು, ತನ್ನ ಬಾಯಿ ಮುಟ್ಟಿಕೊಂಡಳು, ಬರಿಗೈ ತೋರಿಸಿದಳು. ಜಗಳದ ಜೊತೆ ಜೋಗುಳವೂ ಹೋಗಿತ್ತು. ಅಲ್ಲಿಗೆ ಕತೆ ಮುಗಿಯಿತು.

ಬೀರ ಆ ಬರಿಗೈಯಿಂದ ಕಣ್ಣು ಕೀಳಲಾರದೆ ಹೋದ. ಹೂಂ ಹೊರಡಲೊಲ್ಲದು. ಬಾಯಿಬೀಗ ಕಿಸಕ್ಕನೆ ನಕ್ಕ. ಕಲ್ಲು ಗಿರಿಯಮ್ಮನ ಗಲ್ಲ ಮುಟ್ಟಿತು. ಬೀರ ತಲೆಯೆತ್ತಿ, ಮುದುಕಿಯ ಮುಖವನ್ನೇ ನೋಡುತ್ತ ಅಂದ:

“ಹೂಂ, ಅಜ್ಜಿ.”

ಗಡಿಗೆ ಒಡೆಯಿತು. ಮಂತ್ರದ ಕಟ್ಟು ಕಳಚಿದ ಏಡಿ ಬಾಯಿಬೀಗನ ಸೊಂಟ ಹಿಡಿದು ಕಡಲಿಗಿಳಿಯಿತು, ಮತ್ತೆ ಮೇಲೆ ಬರಲಿಲ್ಲ. ಹಡಗಿನ ಕಲ್ಲು ಮತ್ತೆ ಮರವಾಯಿತು, ಗಿರಿಯಮ್ಮ ಗಿರಿಯಮ್ಮನಾದಳು. ದನಿಗಳು ಅವರವರ ಬಾಯಿ ಸೇರಿದವು. ಬಾವಿಕಟ್ಟೆಯ ಆ ಇಬ್ಬರು ಹೆಂಗಸರು ಜಗಳವನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡರು.

ಆಳೆತ್ತರ ಬೆಳೆದು ಮೀಸೆ ಬಂದಿದ್ದ ಮೊಮ್ಮಗನನ್ನು ಬಲೆಯ ಮುದುಕಿ ಕರೆದಳು. ತಲೆಯನ್ನು ಮಡಿಲಿಗೆಳೆದುಕೊಂಡು, ಅವನು ಕೂಸಾಗಿದ್ದಾಗ ಹಾಡಲಾಗದೆ ಉಳಿದಿದ್ದ ಜೋಗುಳವನ್ನು ಪೂರ್ತಿ ಹಾಡಿದಳು.

ಆ ದ್ವೀಪದ ಕತೆಯನ್ನು ಹಡಗು ತನ್ನ ಪುಸ್ತಕಗಳ ಜೊತೆ ಒಯ್ದಿತು. ಬೀರ ಮುಂದೆ ಯಾವ ದಡದಲ್ಲಿ ಇಳಿದರೂ ಮೊದಲು ಕೂತು ಕೇಳಿದ, ಆಮೇಲೆ ಓದಿದ. ದ್ವೀಪದವರು ದಿನಾ ಜಗಳವಾಡಿಕೊಂಡು ಬಹುಕಾಲ ಸುಖವಾಗಿದ್ದರು.