ಬುರುಜಿನ ಮೇಲೆ ಮೆಚ್ಚಿದ್ದು

ಎರಡು ಮಾತು ಹೇಳಿಬಿಟ್ಟರೆ ಅಪ್ಪನ ಗಂಟೇನು ಹೋದೀತು? ಬುರುಜಿನ ಮೆಟ್ಟಿಲು ಹತ್ತುತ್ತ ರುಜ್ಜೆರೊ ತನ್ನನ್ನೇ ಕೇಳಿಕೊಂಡ. ಮರುಗಳಿಗೆಯೇ ನಾಚಿಕೆಯಾಯಿತು. ಟೊರಿನೊದಿಂದ ಫ್ಲಾರೆನ್ಸಿಗೆ ವರ್ಗವಾಗಿ ಬಂದ ವಿಜ್ಞಾನದ ಮೇಷ್ಟ್ರು ತಾನು. ಕೋಟೆ ಬಾಗಿಲಲ್ಲಿ ಟಿಕೆಟ್ ಹರಿಯುವ ಮುದುಕಿಯ ಮಾತಿಗೆ ಹೆದರುವುದೇ?

ಆ ಮುದುಕಿ ಎಲ್ವೀರಾ ಅವನ ತೋಳು ಹಿಡಿದು ಹೇಳಿದ್ದಳು: “ಮೇಷ್ಟ್ರೇ, ಮೇಲೆ ನಿಂತು ಏನನ್ನ ಮೆಚ್ಚಿದ್ರೂ ಹಿಂದೇನೇ ‘ದೇವ್ರು ಕಾಪಾಡ್ಲಿ’ ಅಂದ್ಬಿಡಿ. ಈ ಬುರುಜು ಕಟ್ಟಿದ ಮೇಸ್ತ್ರಿ ಮಗನ್ನ ದೊರೆ ಮೆಚ್ಚಿ ಎತ್ಕೊಂಡ್ಹೋದ. ತಾಯಿ ತನ್ನ ಕೂದಲು ಗಂಟು ಹಾಕಿ ಗೋಡೆ ಬುಡದಲ್ಲಿ ಹೂತಿಟ್ಲು. ಇಲ್ಲಿ ಮೆಚ್ಚಿದೋರಿಗೆ ಮೆಚ್ಚಿದ್ದು ದಕ್ಕಬಾರ್ದು ಅಂತ.”

“ಟಿಕೆಟ್ ಜೊತೆ ಕತೆ ಪುಕ್ಕಟೆನಾ ಅಜ್ಜಿ?”

“ನಗಿ, ನಗಿ. ನಿಮ್ಮ ಹಾಗೆ ನಕ್ಕೋರು ಅತ್ಕೊಂಡು ಇಳಿದದ್ದನ್ನ ಕಂಡಿದ್ದೀನಿ.”

ಮೇಲೆ ನಡುಹಗಲ ಬಿಸಿಲು. ಕಾದ ಕಲ್ಲಿನ, ಒಣಗಿದ ಸೋಂಪಿನ ಗಿಡದ ವಾಸನೆ. ಕೆಳಗೆ ಊರಿನ ಕೆಂಪು ಹೆಂಚುಗಳು, ದೊಡ್ಡ ಗುಮ್ಮಟ, ಅರ್ನೋ ನದಿ. ಜೀರುಂಡೆಗಳು ಕಿವಿ ಕೊರೆಯುತ್ತಿದ್ದವು. ಏಳು ವರ್ಷದ ಮಗಳು ಓರ್ಸೊಲಾ ಹುಲ್ಲಿನ ಮೇಲೆ ಗಿರಗಿರನೆ ತಿರುಗುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದವಳು ಅವಳೊಬ್ಬಳೇ. ವರ್ಷವಿಡೀ ನಗದ ಹುಡುಗಿ ಇವತ್ತು ನಗುತ್ತಿದ್ದಳು.

“ನಿನ್ನಷ್ಟು ಚೆಂದ ಈ ಊರೂ ಇಲ್ಲ ಕಣೇ!”

ಬಾಯಿಂದ ಬಂದೇಬಿಟ್ಟಿತು. ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು ನಕ್ಕ.

ಜೀರುಂಡೆಗಳು ಒಮ್ಮೆಲೇ ನಿಂತವು.

ಗೋಡೆಯ ಬುಡದಿಂದ ಸುಟ್ಟ ಕೂದಲಿನ ನಾತ ಬಂತು. ಓರ್ಸೊಲಾ ತಿರುಗುವುದು ನಿಂತಿತು. ಬಿದ್ದಳು. ಅವನು ಓಡಿದ. ಮೈ ತಣ್ಣಗಿತ್ತು. ಅಂಥ ಬಿಸಿಲಲ್ಲಿ ತಣ್ಣಗೆ. ಎತ್ತಿಕೊಂಡ. ಇಳಿದ. ಮೆಟ್ಟಿಲು ಮುಗಿಯಲೊಲ್ಲದು. ಬೆನ್ನ ಹಿಂದೆ ಯಾರೋ ಗಂಟು ಬಿಗಿಯುತ್ತಿರುವ ಸದ್ದು.

ಬಾಗಿಲಲ್ಲಿ ಎಲ್ವೀರಾ, ದೃಷ್ಟಿ ತಾಗಿದೆಯೇ ಎಂದು ನೋಡಲು, ತಟ್ಟೆಯ ನೀರಿಗೆ ಎಣ್ಣೆ ತೊಟ್ಟಿಕ್ಕಿಸಿದಳು. ತೊಟ್ಟು ಹರಡಿ ಕಾಣದಾಯಿತು.

“ತಾಗಿರೋ ಕಣ್ಣು ನಿಮ್ದೇ ಮೇಷ್ಟ್ರೇ. ಬೇರೆಯೋರ್ದಾಗಿದ್ರೆ ನಾನೇ ತೆಗೀತಿದ್ದೆ. ಹನ್ನೆರಡರ ಗಂಟೆ ಮುಗಿಯೋದ್ರೊಳಗೆ ಆ ಮಾತು ಹೇಳಿ!”

“ಬಿಸಿಲು ತಾಗಿದೆ ಅಷ್ಟೇ. ನೀರು ಕೊಡಿ.”

ಹೇಳಿದರೆ ತಾನೇ ಮಾಡಿದ್ದೆಂದು ಒಪ್ಪಿದಂತಾಗುತ್ತದಲ್ಲ! ಕೆಳಗೆ ಊರಿನ ಗಂಟೆಗಳು ಬಡಿಯತೊಡಗಿದವು. ತುಟಿ ತೆರೆದ. ಮುಚ್ಚಿದ. ಹತ್ತು. ಹನ್ನೊಂದು. ಹನ್ನೆರಡು.

ಓರ್ಸೊಲಾ ಕಣ್ಣು ಬಿಟ್ಟಳು. ಕೆನ್ನೆಗೆ ಬಣ್ಣ ಬಂತು.

“ನೋಡಿದ್ರಾ ಅಜ್ಜಿ?” ಎಂದ ರುಜ್ಜೆರೊ, ಗೆದ್ದವನಂತೆ.

ಹುಡುಗಿ ತಟ್ಟೆ ನೋಡಿದಳು, ಬಾಗಿಲು ನೋಡಿದಳು. ಅವನ ಮುಖದ ಮೇಲೆ ಅವಳ ನೋಟ ಎಲ್ಲೂ ನಿಲ್ಲಲಿಲ್ಲ.

“ಅಜ್ಜಿ, ನಮ್ ಪಪ್ಪ ಎಲ್ಲಿ?”

“ಇಲ್ಲೇ ಇದ್ದೀನಿ ಪುಟ್ಟಿ, ಇಲ್ಲೇ!”

ಅವಳಿಗೆ ಕೇಳಿಸಲಿಲ್ಲ. ಅವನ ಮಡಿಲಲ್ಲೇ ಕೂತು, ಬಾಗಿಲ ಕಡೆ ನೋಡುತ್ತ, ಅವನಿಗಾಗಿ ಕಾದಳು.

ಆಮೇಲೆ ಅವನು ಡಾಕ್ಟರರಿಗೆ, ಪಾದ್ರಿಗೆ, ಮಗಳ ಕಿವಿಗೆ ಎಷ್ಟೋ ಮಾತು ಹೇಳಿದ. ‘ದೇವರು ಕಾಪಾಡಲಿ’ ಎಂದು ಮಾತ್ರ ಎಂದೂ ಹೇಳಲಿಲ್ಲ.