ಹಳಿಯ ಅಗಲ, ಬುತ್ತಿಯ ಎತ್ತರ

ಬಹಳ ಹಿಂದೆ, ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದಷ್ಟು ಹಿಂದೆ, ಸಿಳ್ಳೆಪುರವೆಂಬ ರಾಜ್ಯವಿತ್ತು. ಅಲ್ಲಿದ್ದದ್ದು ಒಂದೇ ರೈಲು. ಅದರ ಸಂಜೆಯ ಸಿಳ್ಳೆ ಕೇಳಿ ಜನ ಅಕ್ಕಿ ತೊಳೆಯುತ್ತಿದ್ದರು, ದನಗಳು ಮನೆಗೆ ತಿರುಗುತ್ತಿದ್ದವು. ರೈಲು ಬಿಡುವವನು ಸಿದ್ದಲಿಂಗ. ಅವನ ಹೆಂಡತಿ ನೀಲವ್ವ ದಿನವೂ ಹಳಿಯ ಪಕ್ಕ ನಿಂತು ಎಂಜಿನ್ನಿನ ಬಾಗಿಲ ಅಂಚಿಗೆ ಬುತ್ತಿ ಇಡುತ್ತಿದ್ದಳು.

ಸಿಳ್ಳೆಯಿಂದ ನಿದ್ದೆ ಕೆಡುತ್ತದೆಂದು ಕುಬ್ಜಕೇತು ಎಂಬ ಮಾಂತ್ರಿಕ ರೈಲನ್ನೂ ಹಳಿಯನ್ನೂ ಸಿದ್ದಲಿಂಗನ ಸಮೇತ ಕುಗ್ಗಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡ. ಮೂರು ವರ್ಷ ಊರು ಬೇಡಿಕೊಂಡ ಮೇಲೆ, ಅರಮನೆಯ ಅಂಗಳದಲ್ಲಿ ಆ ಕುಗ್ಗಿದ ಹಳಿ ಹಾಸಿ, ಕಿಟಕಿಗೆ ಮಸಿ ಬಳಿದ ಮೂರು ಎಂಜಿನ್‌ಗಳನ್ನು ಓಡಿಸಿ ನಿಲ್ಲಿಸಿದ.

"ಒಂದು ನಿಜ, ಎರಡು ನಕಲಿ. ನಿಜವಾದದ್ದನ್ನು ಮುಟ್ಟಿದರೆ ದೊಡ್ಡದಾಗುತ್ತದೆ. ತಪ್ಪಿದರೆ ಎಲ್ಲವೂ ಕೊನೆತನಕ ಆಟಿಕೆ."

ಮಂತ್ರಿ ರಾಜನತ್ತ ತಿರುಗಿ ಗಡ್ಡ ನೀವಿಕೊಂಡ. "ಮೂರೂ ಹಳಿಗೆ ಹೊಂದುತ್ತವೆ, ಪ್ರಭು. ದೊಡ್ಡದನ್ನೇ ಮುಟ್ಟೋಣ. ರಾಜ್ಯದ ಘನತೆಗೆ ಅದೇ ಸರಿ."

"ತಡೀರಿ ಸ್ವಾಮಿ," ಎಂದಳು ನೀಲವ್ವ. "ಒಳಗಿರೋದು ನನ್ನ ಗಂಡ, ನಿಮ್ಮ ಘನತೆಯಲ್ಲ. ಹಳಿಗಳ ನಡುವಿನ ಅಗಲ ಒಂದು ಲೆಕ್ಕ. ಮೈ ಎಷ್ಟು ಪಟ್ಟು ಕುಗ್ಗಿದೆ ಅನ್ನೋದು ಇನ್ನೊಂದು. ನಿಜವಾದ ರೈಲಿನಲ್ಲಿ ಎರಡೂ ಒಂದೇ ಪಟ್ಟು ಕುಗ್ಗಿರಬೇಕು."

ಅವಳಪ್ಪ ಹಳಿ ಕಾಯುವವನಾಗಿದ್ದ. ಅವನ ಅಳತೆಕೋಲು ಎರಡು ಹಳಿಗಳ ನಡುವೆ ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಕೂರುತ್ತಿತ್ತು. ಹೊಸದಾಗಿ ಮದುವೆಯಾದಾಗ ಅದೇ ಕೋಲನ್ನು ಹಳಿಯ ಮೇಲೆ ನಿಲ್ಲಿಸಿ, ಅದಕ್ಕೆ ಒರಗಿ ಅವಳು ಗಂಡನೊಡನೆ ಹರಟಿದ್ದುಂಟು. ಕೋಲಿನ ತುದಿ ಸರಿಯಾಗಿ ಬುತ್ತಿ ಇಡುವ ಅಂಚಿಗೆ ಮುಟ್ಟುತ್ತಿತ್ತು.

ನೀಲವ್ವ ಪುಟ್ಟ ಹಳಿಗಳ ಅಗಲಕ್ಕೆ ಒಂದು ಹುಲ್ಲುಕಡ್ಡಿ ಮುರಿದಳು. ಅದನ್ನು ಮೊದಲ ಎಂಜಿನ್ನಿನ ಪಕ್ಕ ಹಳಿಯ ಮೇಲೆ ನಿಲ್ಲಿಸಿದಳು. ಕಡ್ಡಿ ಅಂಚಿಗೆ ಎಟುಕಲಿಲ್ಲ. "ಇದರ ಮೈ ದೊಡ್ಡದಾಯ್ತು." ಎರಡನೆಯದರ ಪಕ್ಕ ನಿಲ್ಲಿಸಿದಳು. ಕಡ್ಡಿ ಅಂಚನ್ನು ಮೀರಿತು. "ಇದು ಸಣ್ಣದಾಯ್ತು." ಮೂರನೆಯದರಲ್ಲಿ ತುದಿಗೆ ತುದಿ ಕೂಡಿತು.

ಮಾಂತ್ರಿಕ ಬೆವೆತ. "ಎಂಬತ್ತೇಳು ಪಟ್ಟು ಕುಗ್ಗಿಸಿದ್ದೆ ಅಂತ ನಿನಗೆ ಯಾರು ಹೇಳಿದರು?"

"ಎಷ್ಟು ಪಟ್ಟೋ ನನಗೇನು ಗೊತ್ತು? ಬುತ್ತಿ ಇಡೋ ಎತ್ತರ ಗೊತ್ತು," ಎಂದು ಅವಳು ಎಂಜಿನ್ ಮುಟ್ಟಿದಳು.

ಹಳಿಯ ಸಮೇತ ರೈಲು ಬೆಳೆಯಿತು. ಅರಮನೆಯ ಒಂದು ಗೋಡೆ ಹೋಯಿತು, ಯಾರೂ ಬೇಸರಿಸಲಿಲ್ಲ. ಸೋತ ಮಂತ್ರ ಮಾಡಿದವನಿಗೇ ತಿರುಗುವುದು ಅಲ್ಲಿನ ಪದ್ಧತಿಯಾದ್ದರಿಂದ ಕುಬ್ಜಕೇತು ಎಂಬತ್ತೇಳು ಪಟ್ಟು ಕುಗ್ಗಿ, ತನ್ನದೇ ಪೆಟ್ಟಿಗೆಯಲ್ಲಿ ನಿಶ್ಶಬ್ದವಾಗಿ ನಿದ್ದೆಹೋದ.

ಸಿದ್ದಲಿಂಗ ತಲೆ ಹೊರಹಾಕಿದ. "ಬುತ್ತಿ ಎಲ್ಲಿ?"

"ಮೂರು ವರ್ಷ ತಡವಾಗಿ ಬಂದವರು ಕೇಳೋ ಮಾತೇನ್ರೀ ಇದು?" ಎಂದಳು ನೀಲವ್ವ, ಕಣ್ಣೊರೆಸಿಕೊಂಡು.

ಆ ಸಂಜೆ ಸಿಳ್ಳೆ ಕೇಳಿಸಿತು. ಊರೆಲ್ಲ ಹೊತ್ತಿಗೆ ಸರಿಯಾಗಿ ಅಕ್ಕಿ ತೊಳೆಯಿತು.