ಮೇಲಿನ ಹಲಗೆಯ ಕಪ್ಪು-ಬಸಿ

"ಇಡು ಅದನ್ನ! ಇಡ ಅಂದೆ... ನಿನ್ನ ಕಪ್ಪ ಮ್ಯಾಲಿನ ಹಲಗಿ ಮ್ಯಾಗ ಐತಿ, ಗೊತ್ತಿಲ್ಲೇನ?"

ಪೂನಮಳ ತುಟಿಗೆ ಇನ್ನೇನು ಚಹಾ ತಾಗಬೇಕು, ಅಷ್ಟರಲ್ಲಿ ಅತ್ತೆ ಸೋನಾಬಾಯಿ ಕಪ್ಪನ್ನು ಕಿತ್ತುಕೊಂಡಿದ್ದಳು. ಅರ್ಧ ಚಹಾ ನೆಲಕ್ಕೆ, ಅರ್ಧ ಸೊಸೆಯ ಮುಂಗೈಗೆ. ಕೈ ಸುಟ್ಟಿತೇ ಎಂದು ಕೇಳುವಷ್ಟೂ ವ್ಯವಧಾನವಿಲ್ಲದೆ ಅತ್ತೆ ಆ ಕಪ್ಪು ಹಿಡಿದು ಹಿತ್ತಲಿಗೆ ಓಡಿದಳು. ಮರುಗಳಿಗೆಯಲ್ಲಿ ನಳ ಬಿಟ್ಟ ಸದ್ದು, ಪಿಂಗಾಣಿ ತಿಕ್ಕುವ ಸದ್ದು. ಐದು ತಿಂಗಳ ಬಸುರಿ ಪೂನಮ ಸೆರಗಿನಿಂದ ಕೈ ಒರೆಸಿಕೊಂಡು, ಅಡುಗೆಮನೆಯ ಮೇಲಿನ ಹಲಗೆಯತ್ತ ನೋಡಿದಳು. ಅಲ್ಲಿ ಬಿಳಿ ವಸ್ತ್ರ ಹೊದಿಸಿಟ್ಟ ಒಂದೇ ಒಂದು ಕಪ್ಪು-ಬಸಿ. ಅವಳದು. ಅವಳೊಬ್ಬಳದು... ಆ ಕ್ಷಣದಲ್ಲಿ ಅವಳು ಅಳಲಿಲ್ಲ. ಫೋನು ತೆಗೆದು ನಿಪ್ಪಾಣಿಗೆ ಹಚ್ಚಿದಳು. "ಬಾಬಾ, ಇವತ್ತ ಬಂದ ನನ್ನ ಕರಕೊಂಡ ಹೋಗ್ರಿ. ಬಾಣಂತನಕ್ಕ ಅಲ್ಲ. ಕಾಯಂ. ಇಲ್ಲಿ ನನಗ ಬ್ಯಾರೆ ಕಪ್ಪ ಇಟ್ಟಾರ."

ಉಗಾರ ಬುದ್ರುಕದಲ್ಲಿ ಮಾವ ಲಗಮಣ್ಣನ ಮನೆತನ ನಿನ್ನೆ ಮೊನ್ನೆಯದಲ್ಲ. ಹೊಳೆದಂಡೆಗೆ ಕಬ್ಬು, ಮೇಲಿನ ಹೊಲದಲ್ಲಿ ದ್ರಾಕ್ಷಿ. ಅಂಥ ಮನೆಯ ಒಬ್ಬನೇ ಮಗ ಭರತ, ಚಿಕ್ಕೋಡಿಯ ಕಾಲೇಜಿನಲ್ಲಿ ಕೂಡಿ ಓದಿದ ನಿಪ್ಪಾಣಿಯ ಹುಡುಗಿಯನ್ನು ಮೆಚ್ಚಿದ. ಹುಡುಗಿಯ ತಂದೆ ರಾಜಾರಾಮ ಬಸ್ಸಿನ ಡಿಪೋದಲ್ಲಿ ಮೇಸ್ತ್ರಿ, ತಾಯಿ ಶೇವಂತಾ ಬೀಡಿ ಕಟ್ಟಿಯೇ ಮಗಳನ್ನು ಓದಿಸಿದವಳು. ಬೌದ್ಧರಾದ ದಲಿತರ ಮನೆ. ಲಗಮಣ್ಣ ಮೂರು ತಿಂಗಳು ಮುಖ ಊದಿಸಿಕೊಂಡಿದ್ದು, ಕೊನೆಗೆ ಮಗನ ಹಟಕ್ಕೆ ಸೋತು ಹೆಣ್ಣು ನೋಡಲು ನಿಪ್ಪಾಣಿಗೆ ಹೋದ. ಶೇವಂತಾ ಹೋಳಿಗೆ ಮಾಡಿ ಎಲೆ ಹಾಕಿದ್ದಳು. "ಇವತ್ತ ಮಂಗಳವಾರ, ನನಗ ಉಪವಾಸ" ಅಂದುಬಿಟ್ಟ ಲಗಮಣ್ಣ. ಮದುವೆಯಾಗಿ ಬಂದ ಮೇಲೆ ಪೂನಮ ಎಷ್ಟೋ ಮಂಗಳವಾರ ಮಾವನಿಗೆ ಎರಡೆರಡು ಜೋಳದ ರೊಟ್ಟಿ ಬಡಿಸಿದ್ದಾಳೆ! ನುಂಗಿಕೊಂಡಿದ್ದಳು, ಅಷ್ಟೇ.

ಆದರೆ ಕಪ್ಪು-ಬಸಿ ನುಂಗುವಂಥದ್ದಾಗಿರಲಿಲ್ಲ. ಅವಳ ಅಜ್ಜಿ ಕೂಲಿಗೆ ಹೋಗುತ್ತಿದ್ದ ಊರಿನ ಚಹಾದಂಗಡಿಯಲ್ಲಿ ತಮ್ಮವರಿಗೆಂದೇ ಒಂದು ಕಿವಿ ಮುರಿದ ಕಪ್ಪು ಸೂರಿಗೆ ತೂಗುಹಾಕಿರುತ್ತಿದ್ದರಂತೆ. ಕುಡಿದು, ತಾವೇ ತೊಳೆದು, ಮತ್ತೆ ಅಲ್ಲಿಯೇ ಸಿಕ್ಕಿಸಬೇಕು. ಆ ಕಥೆಯನ್ನು ಕೇಳುತ್ತಲೇ ಬೆಳೆದವಳಿಗೆ, ತಾನು ಬಸುರಿಯಾದ ತಿಂಗಳಲ್ಲೇ ಈ ಮನೆಯಲ್ಲೊಂದು ಬೇರೆ ಕಪ್ಪು ಹುಟ್ಟಿಕೊಂಡರೆ ಇನ್ನೇನು ಅನಿಸಬೇಕು? ಹೊಟ್ಟೆಯಲ್ಲಿರುವ ಕೂಸಿಗೂ ನಾಳೆ ಹಲಗೆಯ ಮೇಲೆ ಒಂದು ಪುಟ್ಟ ಬಟ್ಟಲು ಇಟ್ಟರೆ? ಈ ಒಂದು ವಿಚಾರವೇ ನಾಲ್ಕು ತಿಂಗಳಿಂದ ಅವಳ ಎದೆ ಕೊರೆಯುತ್ತಿತ್ತು. ಭರತನ ಮುಂದೆ ಹೇಳಿದರೆ ಅವನದೊಂದೇ ಮಾತು: "ಅವ್ವನ ಸ್ವಭಾವ ಮದಲಿಂದ ಹಂಗ ಐತಿ. ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂತಾರಲ್ಲ..."

ಸ್ವಭಾವ! ಪೂನಮ ಮನೆಯಲ್ಲಿ ಕುಳಿತೇ ಮನಃಶಾಸ್ತ್ರದ ಎಂ.ಎ.ಗೆ ಓದುತ್ತಿದ್ದಳು. ಪರೀಕ್ಷೆ ತಿಂಗಳೊಪ್ಪತ್ತಿನಲ್ಲಿತ್ತು. ವ್ಯಕ್ತಿತ್ವದ ಸಿದ್ಧಾಂತಗಳನ್ನು ಬಾಯಿಪಾಠ ಮಾಡಲು ಅವಳು ಕಂಡುಕೊಂಡ ಉಪಾಯವೆಂದರೆ ಮನೆಯವರನ್ನೆಲ್ಲ ಒಂದೊಂದು ಖಾನೆಗೆ ಹಾಕುವುದು. ಓಣಿಯ ಪಂಚಾಯಿತಿಯೆಲ್ಲ ತಲೆಮೇಲೆ ಹೊತ್ತ ಮಾವ ಬಹಿರ್ಮುಖಿ. ಭರತ ಎರಡೂ ಕಡೆ "ಹೌದ್ರಿ" ಅನ್ನುವವನಾದ್ದರಿಂದ ಅವನಿಗೆ ಯಾವ ಪಂಡಿತರೂ ಖಾನೆ ಮಾಡಿರಲಿಲ್ಲ. ಅತ್ತೆಯ ಹೆಸರಿನ ಮುಂದೆ ಮಾತ್ರ ಒತ್ತಿ ಬರೆದಿದ್ದಳು: "ಕ್ರೂರ ವ್ಯಕ್ತಿತ್ವ. ಬದಲಾಗದು." ಅಂಥದೊಂದು ಖಾನೆ ಪುಸ್ತಕದಲ್ಲಿ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು. ಸಿಟ್ಟು ಬಂದಾಗ ಪಂಡಿತೆಯೂ ಸೊಸೆಯೇ ತಾನೆ!

ಪೆಟ್ಟಿಗೆ ತುಂಬಿ, ಒಣಹಾಕಿದ ಸೀರೆ ತರಲು ಹಿತ್ತಲಿಗೆ ಹೋದಾಗ ಹನ್ನೊಂದು ಗಂಟೆ. ಕರೆಂಟು ಹೋಗಿ ನಳ ನಿಂತಿತ್ತು. ದಿನವೂ ನೀರಿನ ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದ ಒಂದು ದನಿ ಇಂದು ಸ್ಪಷ್ಟವಾಗಿ ಕೇಳಿಸಿತು. ಸೋನಾಬಾಯಿ ಜಯಸಿಂಗಪುರದ ಕಡೆಯ ಹೆಣ್ಣು. ಬಯ್ಯುವುದು ಕನ್ನಡದಲ್ಲಾದರೂ ಎಣಿಸುವುದು ಇಂದಿಗೂ ಮರಾಠಿಯಲ್ಲಿ.

"...ಸಾತ, ಆಠ, ನವು..."

ಒಗೆಯುವ ಕಲ್ಲಿನ ಮೇಲೆ ಕೋಳಿಯೊಂದು ಹಾರಿತು. ಅತ್ತೆ ಬೆಚ್ಚಿದಳು, ನಿಂತಳು, ಹತಾಶಳಾಗಿ ತಂಬಿಗೆಯನ್ನು ಮತ್ತೆ ಡ್ರಮ್ಮಿಗೆ ಅದ್ದಿದಳು. "ಏಕ, ದೋನ, ತೀನ..."

ಕಪ್ಪು ಯಾವಾಗಲೋ ತೊಳೆದಾಗಿ ಪಕ್ಕದಲ್ಲಿ ಬೋರಲು ಬಿದ್ದಿತ್ತು. ಈಗ ತೊಳೆಯುತ್ತಿದ್ದುದು ತನ್ನದೇ ಕೈಗಳನ್ನು. ಬೆರಳ ಸಂದಿಗಳು ಬಿರಿದು ಕೆಂಪಗೆ ರಕ್ತ ಒಸರುತ್ತಿತ್ತು. ಅದರ ಮೇಲೆಯೇ ಬಟ್ಟೆ ಸೋಪು! ಕಲ್ಲಿನ ಬದಿಗೆ ಮಾವನ ತಂಬಿಗೆ, ಭರತನ ತಾಟು, ಅತ್ತೆಯದೇ ಲೋಟ, ಎಲ್ಲವೂ ಸರದಿಗೆ ಕಾದಿದ್ದವು. ಈ ಮನೆಯಲ್ಲಿ ತೊಳೆಯದ ವಸ್ತುವೇ ಇರಲಿಲ್ಲ. ಇದನ್ನು ಪೂನಮ ವರ್ಷದಿಂದ ಕಂಡಿದ್ದಳು. ಆದರೆ ನೊಂದವಳ ಕಣ್ಣು ತನ್ನ ಕಪ್ಪಿನ ಮೇಲಷ್ಟೇ ನೆಟ್ಟಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಹಿರಿಯರ ಮಾತು ಸುಳ್ಳಲ್ಲ. ಮೊನ್ನೆಯಷ್ಟೇ ಓದಿದ ಪಾಠ ನೆನಪಾಯಿತು: ಬೇಡವೆಂದರೂ ನುಗ್ಗಿ ಬರುವ ವಿಚಾರ, ಅದರ ಕಳವಳ ತಗ್ಗಿಸಲು ಮತ್ತೆ ಮತ್ತೆ ಮಾಡಲೇಬೇಕಾದ ಕೆಲಸ. ಗೀಳು. ಅದು ಸ್ವಭಾವದ ಅಧ್ಯಾಯದಲ್ಲಿ ಇರಲಿಲ್ಲ. ರೋಗಗಳ ಅಧ್ಯಾಯದಲ್ಲಿತ್ತು.

"ಅತ್ಯಾರ," ಅಂದಳು ಮೆಲ್ಲಗೆ. "ಎಷ್ಟರ ಮಟಾ ಎಣಸಬೇಕ್ರಿ?"

ಸೋನಾಬಾಯಿ ಕಳವಿನಲ್ಲಿ ಸಿಕ್ಕಿಬಿದ್ದವಳಂತೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಅಕರಾ" ಅಂದಳು. "ಹನ್ನೊಂದ. ನಡುವ ತಪ್ಪಿದ್ರ ಮತ್ತ ಮದಲಿಂದ."

"ತೊಳೀಲಿಲ್ಲಂದ್ರ?"

"ತೊಳೀಲಿಲ್ಲಂದ್ರ..." ಅತ್ತೆ ಕೈಗಳನ್ನು ಸೆರಗಿನಲ್ಲಿ ಇನ್ನೂ ಒಳಗೆ ಎಳೆದುಕೊಂಡಳು. "ನೀ ಸತ್ತಂಗ ಕಣ್ಣ ಮುಂದ ಬರತೈತಿ. ನಿನ್ನ ಕೂಸ ಸತ್ತಂಗ ಬರತೈತಿ... ಸುಳ್ಳ ಅಂತ ಗೊತ್ತ ಐತಿ ತಂಗಿ. ಗೊತ್ತಿದ್ದೂ ಕೈ ನಿಂದರೂದಿಲ್ಲ!"

ಆಮೇಲೆ ಕಟ್ಟೆ ಒಡೆದ ಕಾಲುವೆಯ ಹಾಗೆ ಇಪ್ಪತ್ತೆರಡು ವರ್ಷದ ಮಾತು ಹರಿಯಿತು. "ಭರತಗ ಐದ ವರ್ಷ. ನನಗ ಮತ್ತ ನಾಕ ತಿಂಗಳ ಆಗಿತ್ತ. ದ್ರಾಕ್ಷಿಗೆ ಎಣ್ಣಿ ಹೊಡೀತಿದ್ರು, ಹುಳಾ ಕೊಲ್ಲೂ ವಿಷ. ಆಳ ಕಡಿಮಿ ಬಿದ್ದ್ರು ಅಂತ ನಾನ ಎಣ್ಣಿ ಕಲಿಸಿ ಕೊಟ್ಟ್ನಿ. ಅದ ಕೈಲೆ ಚಾ ಕುಡದ್ನಿ. ಎಂಟ ದಿನಕ್ಕ ಹೊಟ್ಟ್ಯಾಗಿನ ಕೂಸ ಹೋತ... ಇಂಥಾವ ಆಗತಾವ ಬಾಯಿ, ನಿನ್ನ ತಪ್ಪಲ್ಲ ಅಂದ್ರ ಡಾಕ್ಟರ. ಆದ್ರ ನನ್ನ ಮನಸ ಕೇಳವಲ್ದು. ಇವ ಕೈ ಕೊಂದಾವ ಅಂತೈತಿ. ನೀ ಬಸರಾದಾಗಿಂದ ನನಗ ನಿದ್ದಿ ಇಲ್ಲ. ಇವತ್ತ ನೀ ಎತ್ತಿದ್ದ ಕಪ್ಪ ಭರತಂದ. ಅಂವ ಎಣ್ಣಿ ಹೊಡದ ಬಂದ, ಹಂಗ ಕೈಲೆ ಅದನ್ನ ಹಿಡದಿದ್ದ!"

"ಮ್ಯಾಲಿನ ಹಲಗಿ ಕಪ್ಪ?"

"ಮನ್ಯಾಗಿನ ಕಪ್ಪೆಲ್ಲಾ ತೋಟಕ್ಕ ಹೋಗಿ ಬಂದಾವ. ಅದೊಂದ ಹೋಗಿಲ್ಲ. ನಿನಗಂತನ ಹೊಸಾದ ತರಿಸಿ ಮ್ಯಾಲ ಇಟ್ಟೇನಿ."

ಪೂನಮ ಕಲ್ಲಿನ ಮೇಲೆ ಕುಳಿತು, ತಾನು ಏನೆಂದುಕೊಂಡಿದ್ದೆ ಎಂಬುದನ್ನು ಹೇಳಿದಳು. ಸೂರಿಗೆ ತೂಗುಹಾಕಿದ ಕಪ್ಪಿನ ಕಥೆಯನ್ನೂ ಹೇಳಿದಳು. ಸೋನಾಬಾಯಿ "ಅಯ್ಯ ನನ್ನವ್ವಾ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

"ಖರೇ ಹೇಳ್ರಿ ಅತ್ಯಾರ. ಜಾತಿ ಒಂಚೂರೂ ಇರಲಿಲ್ಲೇನ್ರಿ?"

ಅತ್ತೆ ನೆಲ ನೋಡಿದಳು. "ಮದಿವಿ ಮುಂದ ಇತ್ತ. ಸುಳ್ಳ ಯಾಕ ಹೇಳ್ಲಿ... ಆದ್ರ ಈ ಕಪ್ಪಿನ್ಯಾಗ ಇಲ್ಲ. ನಿನ್ನ ಕೂಸಿನ ಆಣಿ ಮಾಡಿ ಹೇಳತೇನಿ, ಇದರಾಗ ಇಲ್ಲ."

ಆ ಒಂದು ನಿಜದಿಂದಲೇ ಪೂನಮ ಉಳಿದುದನ್ನೆಲ್ಲ ನಂಬಿದಳು. "ಇದು ಸ್ವಭಾವ ಅಲ್ರಿ, ಜಡ್ಡ. ಇದಕ್ಕ ಔಷಧ ಐತಿ. ಮನ್ಯಾಗ ಎಲ್ಲಾರಿಗೂ ಹೇಳೂನು" ಅಂದಳು. ಸೋನಾಬಾಯಿ ಹೌಹಾರಿ ಅವಳ ಎರಡೂ ಕೈ ಹಿಡಿದಳು. "ಬ್ಯಾಡ ತಂಗಿ! ಓಣ್ಯಾಗ ಹೊಳೆವ್ವಗ ಒಮ್ಮಿ ಹುಚ್ಚಿ ಅಂದ್ರು, ಅಕಿ ಮಗಳನ್ನ ಇವತ್ತಿಗೂ ಯಾರೂ ಮಾಡಿಕೊಂಡಿಲ್ಲ. ನನ್ನ ಕೆಟ್ಟ ಅತ್ತಿ ಅನ್ನಲಿ, ನಡೀತೈತಿ. ಹುಚ್ಚಿ ಅನ್ನೂದ ಬ್ಯಾಡ. ಮಾತ ಕೊಡ!" ಪೂನಮ ಮಾತು ಕೊಟ್ಟಳು. ಕೊಟ್ಟಾದ ಮೇಲೆ ನೆನಪಾಯಿತು, ಬಾಬಾ ಆಗಲೇ ನಿಪ್ಪಾಣಿ ಬಿಟ್ಟಿದ್ದರು.

ರಾಜಾರಾಮ ಬಂದಾಗ ಮೂರು ಗಂಟೆ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತ. ಎದುರು ಮನೆಯ ಕಟ್ಟೆಯ ಮೇಲೆ ಓಣಿಯ ನಾಲ್ಕು ಹೆಂಗಸರು ಅಕ್ಕಿ ಆರಿಸುವ ನೆಪದಲ್ಲಿ ಕಿವಿ ಇತ್ತ ಇಟ್ಟಿದ್ದರು.

"ಬರ್ರಿ ಬೀಗರ, ಕುಂಡರ್ರಿ. ಚಾ..." ಅಂದ ಲಗಮಣ್ಣ.

"ಯಾವ ಕಪ್ಪಿನ್ಯಾಗ್ರಿ?"

ಲಗಮಣ್ಣನ ಮುಖ ಬಿಳಿಚಿತು. ರಾಜಾರಾಮ ದನಿ ಏರಿಸಲಿಲ್ಲ. "ನಮ್ಮವ್ವಗ ಚಾದಂಗಡ್ಯಾಗ ಬ್ಯಾರೆ ಕಪ್ಪ ಇಟ್ಟಿದ್ರು. ಕಾಲ ಬದಲಾಗೇತಿ ಅಂತ ತಿಳದ ನಿಮ್ಮ ಮನಿಗೆ ಮಗಳನ್ನ ಕೊಟ್ಟ್ನಿ. ತಪ್ಪಾತ. ಪೂನಮ, ಪೆಟಗಿ ತಗೋ."

"ಬಾಬಾ, ಅದು ಹಂಗಲ್ಲ..."

"ಮತ್ತ ಹೆಂಗ?"

ಹೇಗೆ? ಹೇಳಿದರೆ ಕೊಟ್ಟ ಮಾತು ಮುರಿಯಬೇಕು. ಹೇಳದಿದ್ದರೆ ಮನೆ ಮುರಿಯುತ್ತದೆ. ಪೂನಮ ಅಡುಗೆಮನೆಯತ್ತ ತಿರುಗಿ ನೋಡಿದಳು. "ಅಕಿದು ಹುಟ್ಟುಗುಣ ಬೀಗರ..." ಎಂದು ಲಗಮಣ್ಣ ಹಳೆಯ ರಾಗ ಎಳೆದ. ತೋಟದಿಂದ ಓಡಿ ಬಂದ ಭರತ ಎಂದಿನಂತೆ ಎರಡೂ ಕಡೆ ನೋಡುತ್ತಿದ್ದ. ರಾಜಾರಾಮ ಮಗಳ ಕೈ ಹಿಡಿದೇಬಿಟ್ಟ.

"ಅಣ್ಣಾರ, ನಿಂದರ್ರಿ!"

ಸೋನಾಬಾಯಿ ನಡುಮನೆಗೆ ಬಂದಿದ್ದಳು. ಕೈಯಲ್ಲಿ ಮೇಲಿನ ಹಲಗೆಯ ಕಪ್ಪು-ಬಸಿ. ಅವಳು ಸೊಸೆಯನ್ನು ನೋಡಿದಳು, ಎದುರು ಕಟ್ಟೆಯ ನಾಲ್ವರನ್ನೂ ನೋಡಿದಳು. ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಅಂದಳು:

"ಇದು ಜಾತಿ ಅಲ್ರಿ ಅಣ್ಣಾರ, ಜಡ್ಡ. ನನಗ ಮನಸಿನ ಜಡ್ಡ ಐತಿ. ಇಪ್ಪತ್ತೆರಡ ವರ್ಷ ಆತ. ಒಂದ ಕಪ್ಪ ಹನ್ನೊಂದ ಸಲ ತೊಳೀತೇನಿ... ಇಲ್ಲಿ ನೋಡ್ರಿ ನನ್ನ ಕೈ!"

ಬಿರಿದ ಕೈಗಳನ್ನು ಚಾಚಿದಳು. ಎದುರು ಕಟ್ಟೆಯಲ್ಲಿ ಮೊರದ ಸದ್ದು ನಿಂತಿತು. ಲಗಮಣ್ಣ ಆ ಕೈಗಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಇಪ್ಪತ್ತೆರಡು ವರ್ಷ ಅದೇ ಕೈ ಬಡಿಸಿದ ರೊಟ್ಟಿ ತಿಂದಿದ್ದ! ಸೋನಾಬಾಯಿ ತಡವರಿಸುತ್ತ ತಡವರಿಸುತ್ತ ಎಲ್ಲವನ್ನೂ ಹೇಳಿದಳು, ಹೋದ ಕೂಸಿನದು ಕೂಡ. ಭರತ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ.

ರಾಜಾರಾಮ ಮಗಳ ಕೈ ಬಿಟ್ಟ. ಆಮೇಲೆ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿ ಬಂದ. "ಜಡ್ಡಿಗೆ ಔಷಧ ಐತಿ ಅಕ್ಕಾರ. ಇನ್ನೊಂದಕ್ಕ ಔಷಧ ಇಲ್ಲ ನೋಡ್ರಿ, ಅದಕ್ಕ ಹೆದರಿದ್ದೆ" ಅಂದ. "ಚಾ ಕೊಡ್ರಿ. ಅದ ಕಪ್ಪಿನ್ಯಾಗ ಕೊಡ್ರಿ."

ಕುಡಿದು ಖಾಲಿ ಕಪ್ಪನ್ನು ಅವಳ ಕೈಗೇ ಕೊಟ್ಟ. ಸೋನಾಬಾಯಿಯ ಕಾಲು ತಾನಾಗಿಯೇ ಹಿತ್ತಲ ಕಡೆ ತಿರುಗಿತು. ಪೂನಮ ಮೆಲ್ಲಗೆ ರಟ್ಟೆ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಹತ್ತ ನಿಮಿಷ ಅತ್ಯಾರ. ತೊಳೀದ ಹಂಗ ಕುಂಡರ್ರಿ. ನಾ ಅದೇನಿ." ಎಂಜಲ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಯ ಬೆವರು ಒರೆಸಿಕೊಳ್ಳುತ್ತ ಸೋನಾಬಾಯಿ ಕುಳಿತಳು. ಆರು ನಿಮಿಷ ಕುಳಿತಳು. ಏಳನೆಯದಕ್ಕೆ ಎದ್ದು ಓಡಿದಳು. ಯಾರೂ ಬಯ್ಯಲಿಲ್ಲ.

ತಾಲೂಕಿನ ದವಾಖಾನೆಗೆ ಮನಸ್ಸಿನ ಡಾಕ್ಟರು ಬರುವ ದಿನ ಲಗಮಣ್ಣನೇ ಹೆಂಡತಿಯನ್ನು ಕರೆದುಕೊಂಡು ಹೋಗತೊಡಗಿದ. ಗುಳಿಗೆ ಕೊಟ್ಟರು, ಎಣಿಕೆ ಇಳಿಸುವ ಅಭ್ಯಾಸ ಹಚ್ಚಿದರು. ಹನ್ನೊಂದಿದ್ದುದು ಒಂಬತ್ತಾಯಿತು, ಕೆಟ್ಟ ದಿನಗಳಲ್ಲಿ ಮತ್ತೆ ಹನ್ನೊಂದಾಯಿತು. ಓಣಿಯಲ್ಲಿ ಕೆಲವರು ಹುಚ್ಚಿ ಅಂದದ್ದೂ ನಿಜ. ಉಡಿ ತುಂಬುವ ಎರಡು ಮನೆಗಳಿಂದ ಕರೆ ಬರಲಿಲ್ಲ. ಆ ಸಂಜೆಗಳಲ್ಲಿ ಸೋನಾಬಾಯಿ ಹಿತ್ತಲ ಕಲ್ಲಿನ ಮೇಲೆ ಒಬ್ಬಳೇ ಕೂರುತ್ತಿದ್ದಳು. ಪೂನಮ ಪುಸ್ತಕ ತಂದು ಅವಳ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆಯ ಹೆಸರಿನ ಮುಂದೆ ಬರೆದಿದ್ದುದನ್ನು ಹೊಡೆದುಹಾಕಿದ್ದಳು. ಬದಲಿಗೆ ಏನೂ ಬರೆದಿರಲಿಲ್ಲ.

ಹೆರಿಗೆಗೆ ಪೂನಮ ನಿಪ್ಪಾಣಿಗೆ ಹೋದಳು. ಮೊಮ್ಮಗಳನ್ನು ನೋಡಲು ಬಂದ ಲಗಮಣ್ಣ ಎಲೆಯ ಮುಂದೆ ಕುಳಿತು, ತಲೆ ಎತ್ತದೆಯೇ ಶೇವಂತಾಳಿಗೆ ಹೇಳಿದ: "ಅವತ್ತಿಂದು ಉಪವಾಸ ಆಗಿರಲಿಲ್ರಿ ಅಕ್ಕಾರ. ತಪ್ಪಾಗೇತಿ." ಅಂದೂ ಮಂಗಳವಾರವೇ. ಮೂರು ಹೋಳಿಗೆ ತಿಂದ.

ಕೂಸಿಗೆ ಮೂರು ತಿಂಗಳಾದಾಗ ಉಗಾರದ ಮನೆ ತುಂಬಿಸಿಕೊಂಡರು. ಆರತಿಯಾಯಿತು. ಎಲ್ಲರೂ ನಡುಮನೆಯಲ್ಲಿ ಕಾದಿದ್ದರು; ಅಜ್ಜಿ ಮಾತ್ರ ಹಿತ್ತಲ ನಳದ ಕೆಳಗೆ. ಯಾರೂ ಕರೆಯಲಿಲ್ಲ. ಪೂನಮ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದು ನಿಂತಳು.

"ಏಕ... ದೋನ... ತೀನ... ಚಾರ..."

ನಳ ನಿಂತಿತು. ಇಂದು ಕರೆಂಟು ಹೋಗಿರಲಿಲ್ಲ. ಸೋನಾಬಾಯಿ ತಾನೇ ತಿರುವಿ ನಿಲ್ಲಿಸಿದ್ದಳು. ನೀರಿಳಿಯುವ ಎರಡೂ ಕೈ ಮುಂದೆ ಚಾಚಿಕೊಂಡು ಓಡೋಡಿ ಬಂದಳು, ಕಣ್ಣು ತುಂಬ ನೀರು.

"ತಾ ನನ್ನವ್ವಾ, ಕೂಸನ್ನ ತಾ... ಜಲ್ದಿ ತಾ, ಇಲ್ಲಾಂದ್ರ ಮತ್ತ ನಳಾ ಬಿಡತೇನಿ!"

ಪೂನಮ ಆ ಒದ್ದೆ ಕೈಗಳಲ್ಲಿ ಮಗಳನ್ನು ಇಟ್ಟಳು.